ವೈಂಡಿಂಗ್ ಮೇಷ್ಟ್ರ ಪೆನ್ಸಿಲ್

ವೈಂಡಿಂಗ್ ಮೇಷ್ಟ್ರು ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಕಪ್ಪುಹಲಗೆಯ ಮುಂದೆ ನಿಂತು, ಸುಟ್ಟುಹೋದ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವುದು ಹೇಗೆ ಎಂದು ಪಾಠ ಹೇಳಿದವರು. ಅವರು ನಿಲ್ಲುವ ಜಾಗದಲ್ಲಿ ನೆಲದ ಸಿಮೆಂಟು ಎರಡು ಪಾದದ ಆಕಾರಕ್ಕೆ ತಗ್ಗಾಗಿದೆ, ನೆಲ ಒರೆಸಿದ ದಿನ ಅದರಲ್ಲಿ ನೀರು ನಿಂತು ಗುಬ್ಬಿಗಳು ಬಂದು ಸ್ನಾನ ಮಾಡುತ್ತವೆ ಎಂದು ಹೇಳುವವರಿದ್ದಾರೆ. ಗುಬ್ಬಿಯ ಮಾತು ಹೆಚ್ಚಾಯಿತು, ತಗ್ಗಿನ ಮಾತು ನಿಜ. ಆ ಕೋಣೆಯ ಹಲ್ಲಿಗೆ ಇಡೀ ಪಠ್ಯಕ್ರಮ ಬಾಯಿಪಾಠ. ಸಹಿ ಹಾಕಲು ಬಂದಿದ್ದರೆ ಅದೂ ಈ ಹೊತ್ತಿಗೆ ಪರೀಕ್ಷೆಗೆ ಕೂತು ಪಾಸಾಗಿ ಎಲ್ಲೋ ಒಂದು ಕಡೆ ಅಂಗಡಿ ಇಟ್ಟುಕೊಂಡಿರುತ್ತಿತ್ತು.

ಪ್ರತಿ ಬ್ಯಾಚಿನ ಮೊದಲನೆಯ ದಿನ ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಮೇಷ್ಟ್ರು ಒಂದು ಹಾಸ್ಯ ಹೇಳುತ್ತಿದ್ದರು. "ಮೋಟರೂ ಮನುಷ್ಯನೂ ಒಂದೇ ಜಾತಿ. ಒಳಗೆ ಸುಟ್ಟಿರೋದು ವಾಸನೆ ಬಂದ್ಮೇಲೇ ಗೊತ್ತಾಗೋದು." ಕೆಳಗಿನ ಆಫೀಸಿನವರು ಮೇಲಿನ ನಗು ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು.

ಅದು ದೊಡ್ಡವರ ಶಾಲೆ. ಕೆಲಸ ಇರುವವರು, ಕೆಲಸ ಹೋದವರು, ಹೋಗಲಿರುವವರು, ಹೊಸದೊಂದು ಕಸುಬು ಕಲಿಯಲೆಂದು ಬರುವ ಜಾಗ. ವೈಂಡಿಂಗ್ ಕೋರ್ಸು ಆರು ತಿಂಗಳು, ಸಂಜೆ ನಾಲ್ಕೂವರೆಯಿಂದ ಆರೂವರೆ. ಈ ಸಲದ ಬ್ಯಾಚಿನಲ್ಲಿ ಹದಿನಾಲ್ಕು ಜನ. ಹೆಸರು ಕೂಗುವ ಪದ್ಧತಿ ಅಲ್ಲಿಲ್ಲ, ಎಲ್ಲರಿಗೂ ಒಂದೊಂದು ನಂಬರು.

ನಂಬರ್ ಮೂರು ಮಾಜಿ ಬಸ್ ಕಂಡಕ್ಟರ್. ಇಪ್ಪತ್ತೈದು ವರ್ಷ ಓಡುವ ಬಸ್ಸಿನಲ್ಲಿ ನಿಂತೂ ನಿಂತೂ ಮಂಡಿ ಹೋಗಿತ್ತು. ಅಭ್ಯಾಸ ಮಾತ್ರ ಹೋಗಿರಲಿಲ್ಲ. ಬೆಂಚಿನ ಮೇಲೆ ಕೂತರೂ ತಿರುವಿನಲ್ಲಿರುವವನಂತೆ ಒಂದು ಪಕ್ಕಕ್ಕೆ ವಾಲುತ್ತಿದ್ದ. ಪಕ್ಕದವರೂ ದಿನ ಕಳೆದಂತೆ ಜೊತೆಗೆ ವಾಲುವುದನ್ನು ಕಲಿತರು. ನಂಬರ್ ಎಂಟು ಗುಮಾಸ್ತ ತಾತ. ವಯಸ್ಸು ಎಪ್ಪತ್ತೊಂದು. "ಮನೇಲಿ ಫ್ಯಾನು ಕೆಟ್ಟಿದೆ, ನಾನೇ ರಿಪೇರಿ ಮಾಡೋಣ ಅಂತ ಬಂದೆ" ಎನ್ನುತ್ತಿದ್ದರು. ಮನೆಯ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ದಿನಕ್ಕೆ ಎರಡು ಗಂಟೆಯಾದರೂ ಗಂಡ ಮನೆಯಿಂದ ಆಚೆ ಇರಲಿ ಎಂದು ಅವರ ಹೆಂಡತಿಯೇ ಅರ್ಜಿ ತುಂಬಿಸಿ ಕಳಿಸಿದ್ದರು.

ಇನ್ನೊಬ್ಬಳು ಲಾಂಡ್ರಿಯಮ್ಮ. ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದವಳು. ಅವಳ ಕೈ ಬಿಸಿನೀರು, ಸೋಡಾ ತಿಂದು ತಿಂದು ಬೆಂದ ಗೆಣಸಿನ ಸಿಪ್ಪೆಯಂತಾಗಿತ್ತು. ಆಸ್ಪತ್ರೆಯವರು ಒಗೆಯುವ ಕೆಲಸವನ್ನು ಹೊರಗಿನವರಿಗೆ ವಹಿಸಿಬಿಟ್ಟಿದ್ದರು. ವರ್ಷದ ಕೊನೆಗೆ ಲಾಂಡ್ರಿಗೆ ಬೀಗ. ಅಷ್ಟರೊಳಗೆ ಯಾರ ಹತ್ತಿರ ಕಸುಬಿನ ಸರ್ಟಿಫಿಕೇಟು ಇರುತ್ತದೋ ಅವರಿಗೆ ಮೇಂಟೆನೆನ್ಸ್ ವಿಭಾಗದಲ್ಲಿ ಜಾಗ, ಇಲ್ಲದವರು ಮನೆಗೆ. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಓದುವ ಇಬ್ಬರು ಹೆಣ್ಣುಮಕ್ಕಳು, ಬೆನ್ನು ಬಗ್ಗಿಸಲಾಗದ ಗಂಡ. ಇನ್ನೊಂದು ಬ್ಯಾಚಿಗೆ ಕಾಯುವಷ್ಟು ದಿನ ಅವಳ ಹತ್ತಿರ ಇರಲಿಲ್ಲ.

ಅವಳ ಪಾಳಿ ಮುಗಿಯುತ್ತಿದ್ದುದು ನಾಲ್ಕು ನಲವತ್ತಕ್ಕೆ. ಬೀದಿಯ ಆ ತುದಿಯ ಆಸ್ಪತ್ರೆಯಿಂದ ಈ ತುದಿಯ ಶಾಲೆಗೆ ಓಡುನಡಿಗೆಯಲ್ಲಿ ಬಂದು ನಾಲ್ಕು ಐವತ್ತೈದಕ್ಕೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮೊದಲ ದಿನ "ಬರಬಹುದಾ ಮೇಷ್ಟ್ರೇ, ದಿನಾ ಇಷ್ಟೊತ್ತಾಗುತ್ತೆ" ಎಂದು ಕೇಳಿದಳು. ಮೇಷ್ಟ್ರು ತಲೆಯಾಡಿಸಿದರು. ಅಲ್ಲಿಗೆ ಆ ವಿಷಯ ಮುಗಿಯಿತು ಎಂದು ಅವಳು ತಿಳಿದಳು.

ಕಸುಬಿನ ಮೊದಲ ನಿಯಮವನ್ನು ಮೇಷ್ಟ್ರು ಪ್ರತಿ ಬ್ಯಾಚಿಗೂ ಸಾವಿರ ಸಲ ಹೇಳುತ್ತಿದ್ದರು. ಬಿಚ್ಚುವ ಮುಂಚೆ ಬರೆದುಕೊಳ್ಳಿ. ಸುಟ್ಟ ಕಾಯಿಲು, ಎಂದರೆ ತಂತಿಯ ಸುರುಳಿ, ಎಷ್ಟು ಸುತ್ತಿನದು, ಕಬ್ಬಿಣದ ಯಾವ ತೋಡಿನಿಂದ ಯಾವ ತೋಡಿಗೆ ಹೋಗಿದೆ, ಯಾವ ತುದಿ ಎಲ್ಲಿ ಸೇರಿದೆ, ಎಲ್ಲವನ್ನೂ ಬರೆದಿಟ್ಟುಕೊಂಡ ಮೇಲೆ ಕತ್ತರಿ ಎತ್ತಬೇಕು. ಮೊದಲೇ ಕತ್ತರಿಸಿದರೆ ಮೋಟರು ಬಾಯಿ ಬಿಡುವುದಿಲ್ಲ. ಎರಡನೆಯ ನಿಯಮ, ಸುತ್ತುತ್ತಿರುವವರನ್ನು ಮಾತಾಡಿಸಬೇಡಿ. ಟೇಬಲ್ ಫ್ಯಾನಿನ ಒಂದು ಕಾಯಿಲಿಗೆ ನಾನೂರ ಮೂವತ್ತೆರಡು ಸುತ್ತು. ನಡುವೆ ಯಾರಾದರೂ "ಕಾಫಿ ಆಯ್ತಾ" ಅಂದರೆ ಮುಗಿಯಿತು, ಮತ್ತೆ ಒಂದರಿಂದ.

ಎಣಿಸುವುದರಲ್ಲಿ ಒಬ್ಬೊಬ್ಬರದೂ ಒಂದೊಂದು ದಾರಿ. ಕಂಡಕ್ಟರ್ ಹತ್ತು ಸುತ್ತಿಗೊಮ್ಮೆ ಸ್ಟಾಪು ಬಂದವನಂತೆ ನಿಲ್ಲಿಸಿ, ಸುತ್ತಲೂ ನೋಡಿ, ಬಾಯೊಳಗೇ "ರೈಟ್" ಅಂದುಕೊಂಡು ಮುಂದಕ್ಕೆ ಹೋಗುತ್ತಿದ್ದ. ಗುಮಾಸ್ತ ತಾತ ಒಂದೊಂದು ಸುತ್ತಿಗೂ ಕಾಗದದಲ್ಲಿ ಗೀಟು ಹಾಕುತ್ತಿದ್ದರು. ಅವರು ಒಂದು ಕಾಯಿಲು ಮುಗಿಸುವಷ್ಟರಲ್ಲಿ ಹೊರಗೆ ಋತು ಬದಲಾಗುತ್ತಿತ್ತು. ಲಾಂಡ್ರಿಯಮ್ಮ ಎಣಿಸುತ್ತಿದ್ದುದು ಡಜನ್ನಿನಲ್ಲಿ. ಹತ್ತೊಂಬತ್ತು ವರ್ಷ ಹೊದಿಕೆ, ದಿಂಬಿನ ಚೀಲಗಳನ್ನು ಡಜನ್ ಲೆಕ್ಕದಲ್ಲೇ ಕಟ್ಟಿದವಳು. ಮೂವತ್ತಾರು ಡಜನ್, ನಿಲ್ಲಿಸು. ಪಕ್ಕದಲ್ಲಿ ಛಾವಣಿ ಕುಸಿದು ಬಿದ್ದರೂ ಅವಳ ಲೆಕ್ಕ ಒಂದು ಸುತ್ತು ಆಚೀಚೆಯಾಗುತ್ತಿರಲಿಲ್ಲ.

"ಹತ್ತರಲ್ಲಿ ಎಣಿಸಬೇಕಮ್ಮ, ಪುಸ್ತಕದಲ್ಲಿ ಹಾಗೇ ಇರೋದು" ಎಂದರು ಮೇಷ್ಟ್ರು ಒಮ್ಮೆ.

"ಹತ್ತರಲ್ಲಿ ಎಣಿಸಿದ್ರೆ ಎರಡು ಉಳಿದುಬಿಡುತ್ತೆ ಮೇಷ್ಟ್ರೇ, ಅದನ್ನ ಯಾರ ಮನೆಗೆ ಕಳಿಸ್ಲಿ" ಎಂದಳು.

ಮೇಷ್ಟ್ರು ಹಲಗೆಯ ಕಡೆ ತಿರುಗಿದರು. ಮೊದಲಾಗಿದ್ದರೆ ನಗುತ್ತಿದ್ದರು.

ಮೇಷ್ಟ್ರ ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದವರು ಅರ್ಧ ಮಡಿಸಿದ ಅಂಗಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಗೋಡೆಗೆ ಒರಗಿದರು, ಮತ್ತೆ ಏಳಲಿಲ್ಲ. ಮೇಷ್ಟ್ರು ಆ ಅಂಗಿಯನ್ನು ತೆಗೆದು, ಉಳಿದರ್ಧ ಮಡಿಸಿ, ಬೀರುವಿನಲ್ಲಿಟ್ಟು, ಆಮೇಲೆ ಅಕ್ಕನಿಗೆ ಫೋನು ಮಾಡಿದರು. ನಾಲ್ಕನೆಯ ದಿನ ತರಗತಿಗೆ ಬಂದರು. ಬಾಯಿ ತಾನಾಗಿ ಪಾಠ ಹೇಳಿತು, ಕೈ ತಾನಾಗಿ ಹಲಗೆಯ ಮೇಲೆ ಚಿತ್ರ ಬರೆಯಿತು. ಮೇಷ್ಟ್ರು ಬರದೆ ಅಂಗಿ ಪ್ಯಾಂಟುಗಳನ್ನಷ್ಟೇ ಕಳಿಸಿದ್ದರೂ ತರಗತಿ ನಡೆಯುತ್ತಿತ್ತು.

ಹಲ್ಲು ಕೀಳುವ ಮುಂಚೆ ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಆ ಸೂಜಿಯನ್ನು ಯಾರೋ ಅವರ ನೆತ್ತಿಗೆ ಚುಚ್ಚಿದ ಹಾಗಿತ್ತು. ದುಃಖ ಎಂದು ಹೇಳುವಂಥದ್ದೇನೂ ಇರಲಿಲ್ಲ. ಹಸಿವೂ ಇರಲಿಲ್ಲ; ಗಂಟೆ ನೋಡಿ ಉಣ್ಣುತ್ತಿದ್ದರು. ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಡುವುದನ್ನು ನೋಡಿ ಕ್ಯಾಂಟೀನಿನವನು ತನ್ನ ಒಲೆಯನ್ನೇ ಅನುಮಾನಿಸಿದ.

ಅವರು ಅಳಲಿಲ್ಲ ಎಂಬುದು ನೆಂಟರಿಗೆಲ್ಲ ದೊಡ್ಡ ಚಿಂತೆಯಾಯಿತು. ಅಕ್ಕನಿಗೆ ಅದು ಚಿಂತೆಯನ್ನು ದಾಟಿ ಉದ್ಯೋಗವೇ ಆಯಿತು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಬಸ್ಸಿಗೆ ಕಾಯುವವರ ಹಾಗೆ ತಮ್ಮನ ಕಣ್ಣಿಗೆ ಕಾಯುತ್ತಿದ್ದರು.

"ಅಳು ಬಂತೇನೋ?"

"ಇಲ್ಲ ಅಕ್ಕ, ಬಂದಿಲ್ಲ."

"ಗಂಡಸರಿಗೆ ಇಷ್ಟು ಹೊತ್ತು ಹಿಡಿಯಲ್ಲ ಕಣೋ. ನಿಮ್ಮ ಭಾವ ಚಪ್ಪಲಿ ಕಳೆದುಹೋದಾಗ ಅತ್ತಿದ್ರು."

ಆಕೆ ಒಂದು ಸಲ ತಮ್ಮನನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರಕ್ಕೂ ಹೋದರು. ಡಾಕ್ಟರು ರೆಪ್ಪೆ ಮಡಚಿ, ದೀಪ ಬಿಟ್ಟು ನೋಡಿ, "ನೀರಿನ ಲೈನು ಚೆನ್ನಾಗೇ ಇದೆ" ಎಂದು ಹೇಳಿ, ದೂರದ್ದು ಕಾಣಲು ಒಂದು ಕನ್ನಡಕ ಬರೆದುಕೊಟ್ಟರು.

ಇಷ್ಟರ ನಡುವೆ ಒಂದು ಸಣ್ಣ ಬದಲಾವಣೆ ಆಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ಮೇಷ್ಟ್ರೂ. ಮೊದಲೆಲ್ಲ ಅವರು ನಾಲ್ಕೂವರೆಗೆ ನಂಬರು ಕೂಗಿ, ಹಾಜರಿ ಪುಸ್ತಕದಲ್ಲಿ ಬಾರದವರ ನಂಬರಿನ ಮುಂದೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ದೊಡ್ಡವರ ತರಗತಿ, ಒಬ್ಬರಿಗೆ ಪಾಳಿ, ಒಬ್ಬರಿಗೆ ಬಸ್ಸು, ಒಬ್ಬರಿಗೆ ಮನೆಯಲ್ಲಿ ಜ್ವರ. ಆರೂವರೆಗೆ ಏಳುವ ಮುಂಚೆ ಇನ್ನೊಮ್ಮೆ ತಲೆ ಎತ್ತಿ ನೋಡಿ, ಬಂದವರ ಚುಕ್ಕೆ ಅಳಿಸಿ, ಆಮೇಲೆ ಶಾಯಿಯಲ್ಲಿ ಬರೆಯುತ್ತಿದ್ದರು. ಆ ಪೆನ್ಸಿಲನ್ನು ದಿನಾ ಬೆಳಿಗ್ಗೆ ತರಕಾರಿ ಹೆಚ್ಚುವ ಚಾಕುವಿನಿಂದ ಚೂಪು ಮಾಡಿ ಅವರ ಜೇಬಿಗೆ ಇಡುತ್ತಿದ್ದವರು ಮನೆಯವರು. ಅವರು ಹೋದ ಹನ್ನೊಂದನೆಯ ದಿನಕ್ಕೆ ಪೆನ್ಸಿಲು ಮೊಂಡಾಯಿತು. ಮೇಷ್ಟ್ರು ಅದನ್ನು ಮೇಜಿನ ಖಾನೆಗೆ ಹಾಕಿ ಪೆನ್ನು ಹಿಡಿದರು. ಅಂದಿನಿಂದ ನಾಲ್ಕೂವರೆಗೆ ಬಾಯಲ್ಲಿ ನಂಬರು, ಕೈಯಲ್ಲಿ ಶಾಯಿ. ಇದ್ದರೆ ಹಾಜರು, ಇಲ್ಲದಿದ್ದರೆ ಗೈರು, ಪುಸ್ತಕ ಮುಚ್ಚು.

ಹೀಗಾಗಿ ನಾಲ್ಕೂವರೆಯ ಹಾಜರಿ ಪುಸ್ತಕದಲ್ಲಿ ನಂಬರ್ ಹನ್ನೊಂದು ಎಂಬ ಒಬ್ಬ ಸೋಮಾರಿ ಇದ್ದ. ಅವನು ಬರುವವನೇ ಅಲ್ಲ. ನಾಲ್ಕು ಐವತ್ತೈದಕ್ಕೆ ಬರುವ ಲಾಂಡ್ರಿಯಮ್ಮ ಬೇರೆ. ಅವಳು ಒಂದು ದಿನವೂ ತಪ್ಪಿಸುವವಳಲ್ಲ. ಮೇಷ್ಟ್ರ ತಲೆಯಲ್ಲಿ ಈ ಇಬ್ಬರಿಗೂ ಆರು ತಿಂಗಳು ಪರಿಚಯವೇ ಆಗಲಿಲ್ಲ.

ಪರೀಕ್ಷೆಗೆ ಕೂರಲು ನೂರಕ್ಕೆ ಎಪ್ಪತ್ತೈದು ಹಾಜರಿ ಬೇಕು. ಮೇಷ್ಟ್ರು ಪಟ್ಟಿ ಮಾಡಿದರು. ನಂಬರ್ ಹನ್ನೊಂದು, ನೂರ ಹದಿನಾರು ದಿನದಲ್ಲಿ ನಾಲ್ಕು ದಿನ. ಕೋರ್ಸಿನ ಮೊದಲ ವಾರ ಲಾಂಡ್ರಿಗೆ ಹಬ್ಬದ ರಜೆ ಇದ್ದ ನಾಲ್ಕು ದಿನ ಅವು. "ಅನರ್ಹ" ಎಂದು ಬರೆದು, ಸಹಿ ಹಾಕಿ, ಕೆಳಗೆ ಕಳಿಸಿದರು. ಸೋಮಾರಿಯ ಮೇಲೆ ಸಿಟ್ಟೂ ಬರಲಿಲ್ಲ.

ಗುರುವಾರ ನಾಲ್ಕು ಐವತ್ತೈದಕ್ಕೆ ಲಾಂಡ್ರಿಯಮ್ಮ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಆ ದಿನ ಪಾಠ ಇರಲಿಲ್ಲ. ಪರೀಕ್ಷೆಗೆ ಕೋಣೆ ತೆರವು ಮಾಡಬೇಕೆಂದು ಮೇಷ್ಟ್ರೇ ಅಪ್ಪಣೆ ಕೊಟ್ಟಿದ್ದರಿಂದ ಬಿಡುವಿದ್ದವರೆಲ್ಲ ಮಧ್ಯಾಹ್ನದಿಂದಲೇ ಒಂದೊಂದು ಕೆಲಸ ಹಿಡಿದಿದ್ದರು.

"ಮೇಷ್ಟ್ರೇ, ಕೆಳಗೆ ಬೋರ್ಡಲ್ಲಿ ಒಂದು ಪಟ್ಟಿ ಹಾಕಿದ್ದಾರೆ."

"ಹೂಂ."

"ಹನ್ನೊಂದು ಅನರ್ಹ ಅಂತಿದೆ."

"ಹೌದಮ್ಮ. ಆ ವ್ಯಕ್ತಿ ಬರೋದೇ ಇಲ್ಲ. ನಾಲ್ಕೇ ದಿನ ಬಂದಿರೋದು."

ಲಾಂಡ್ರಿಯಮ್ಮ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯನ್ನು ತಿರುಗಿಸಿ ಅವರ ಮುಂದೆ ಹಿಡಿದಳು. "ಹನ್ನೊಂದು ಅಂದ್ರೆ ನಾನೇ ಮೇಷ್ಟ್ರೇ."

ಮೇಷ್ಟ್ರು ಚೀಟಿ ನೋಡಿದರು. ಅವಳ ಮುಖ ನೋಡಿದರು. ಮತ್ತೆ ಚೀಟಿ ನೋಡಿದರು. ದೂರದಲ್ಲೆಲ್ಲೋ ಯಾರದೋ ಮನೆಯ ಪಾತ್ರೆ ಬಿದ್ದ ಹಾಗೆ ಕೇಳಿಸಿತು, ಅಷ್ಟೇ.

"ತಿದ್ದೋಕೆ ಇವತ್ತು ಆರು ಗಂಟೆವರೆಗೆ ಟೈಮಿದೆ ಅಂತ ಬರ್ದಿದ್ದಾರೆ" ಎಂದಳು ಅವಳು. ದನಿಯಲ್ಲಿ ಬೇಡಿಕೆಯೂ ಇರಲಿಲ್ಲ, ಜಗಳವೂ ಇರಲಿಲ್ಲ. ಕಲೆ ಹೋಗದ ಹೊದಿಕೆಯನ್ನು ಬದಿಗೆ ತೆಗೆದಿಡುವವಳ ದನಿ ಅದು. "ಆಗಲ್ಲ ಅಂದ್ರೆ ಹೇಳ್ಬಿಡಿ. ಮನೆಗೆ ಹೋಗಿ ಹೇಳ್ಬೇಕಲ್ಲ, ಏನು ಹೇಳೋದು ಅಂತ ದಾರೀಲಿ ಯೋಚ್ನೆ ಮಾಡ್ಕೊಂಡು ಹೋಗ್ತೀನಿ."

ಮೇಷ್ಟ್ರು ಹಿಂದಕ್ಕೆ ತಿರುಗಿ ಗೋಡೆ ನೋಡಿದರು. ಗೋಡೆಯ ಮೇಲೆ ಹದಿನಾಲ್ಕು ಕೊಕ್ಕೆ. ವಿದ್ಯಾರ್ಥಿಗಳು ದಿನಕ್ಕೊಂದು ಕಾಯಿಲು ಸುತ್ತಿ, ಅಂದಿನ ತಾರೀಖಿನ ಚೀಟಿ ಕಟ್ಟಿ, ತಮ್ಮ ಕೊಕ್ಕೆಯ ದಾರಕ್ಕೆ ಪೋಣಿಸಬೇಕು. ಆರು ತಿಂಗಳಾದ ಮೇಲೆ ಅವೆಲ್ಲ ಬಿಚ್ಚಿ ತಂತಿ ಮತ್ತೆ ಉಂಡೆಯಾಗುತ್ತದೆ. ಮೊದಲ ಎಂಟು ದಿನ ಬರೀ ಹಲಗೆಯ ಪಾಠ. ಉಳಿದ ನೂರ ಎಂಟು ದಿನವೂ ಬಂದವರ ಕೊಕ್ಕೆಯಲ್ಲಿ ನೂರ ಎಂಟು ಕಾಯಿಲು ಇರಬೇಕು. ಮೇಷ್ಟ್ರು ಹನ್ನೊಂದನೆಯ ಕೊಕ್ಕೆ ಹುಡುಕಿದರು. ಅದು ಖಾಲಿ. ಅದರ ಕೆಳಗೆ ಕಂಡಕ್ಟರ್ ಕೂತು ಹಾಡು ಗುನುಗುತ್ತ ಕಾಯಿಲು ಬಿಚ್ಚುತ್ತಿದ್ದ.

"ಏನ್ರೀ ಮಾಡ್ತಿದ್ದೀರಿ?"

"ನೀವೇ ಹೇಳಿದ್ರಲ್ಲ ಸಾರ್, ಬಿಚ್ಚಿ ಅಂತ. ಈಯಮ್ಮಂದೇ ದೊಡ್ಡ ಹಾರ. ತೂಕದ ಪ್ಯಾಸೆಂಜರ್ ಮೊದಲು ಇಳೀಲಿ ಅಂತ ಇದರಿಂದ್ಲೇ ಶುರು ಮಾಡ್ದೆ."

"ಬರ್ಕೊಂಡ್ರಾ?"

"ಏನನ್ನ?"

"ಎಷ್ಟಿತ್ತು, ಯಾವ್ಯಾವ ದಿನದ್ದು ಅಂತ."

ಕಂಡಕ್ಟರ್ ಬಲಕ್ಕೆ ವಾಲಿ ಯೋಚಿಸಿದ. "ಅದನ್ನ ನೀವು ಹೇಳ್ಲಿಲ್ಲ ಸಾರ್."

ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಬಿಚ್ಚಿ ಎಂದು ಮಾತ್ರ ಹೇಳಿ ಬರೆದುಕೊಳ್ಳಿ ಎಂಬುದನ್ನು ಬಿಟ್ಟಿದ್ದರು. ಹಲ್ಲಿ ಕೂಡ ಗೋಡೆಯ ಮೇಲಿಂದ ಅವರನ್ನೇ ನೋಡುತ್ತಿತ್ತು.

ನೆಲದ ಮೇಲೆ ಇನ್ನೂ ಬಿಚ್ಚದ ಅರವತ್ತೈದು ಕಾಯಿಲು ಉಳಿದಿದ್ದವು. ನೂರ ಹದಿನಾರಕ್ಕೆ ಎಂಬತ್ತೇಳು ಹಾಜರಿ ಬೇಕು. ಉಳಿದದ್ದು ಬರೀ ತಂತಿ. ತಂತಿ ಯಾವ ದಿನ ಯಾರು ಸುತ್ತಿದ್ದು ಎಂದು ಹೇಳುವುದಿಲ್ಲ.

ಮೂಲೆಯಿಂದ ಗುಮಾಸ್ತ ತಾತ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ, ಕಡತ ಸಿಕ್ಕಿತು ಎಂಬ ಕೆಮ್ಮು. "ಬಿಚ್ಚಿದ್ದರ ಚೀಟಿಗಳು ನನ್ನ ಹತ್ರ ಇವೆ" ಎಂದರು. ಕಂಡಕ್ಟರ್ ಕತ್ತರಿಸಿ ಎಸೆದ ಒಂದೊಂದು ಚೀಟಿಯನ್ನೂ ಅವರು ಆರಿಸಿ, ಹಳೆಯ ಲಕೋಟೆಯಲ್ಲಿ ಹಾಕಿ, ಮೇಲೆ "ನಂ. ೧೧, ಬಿಡಿ ಚೀಟಿಗಳು, ನಲವತ್ತಮೂರು" ಎಂದು ಬರೆದು ಇಟ್ಟಿದ್ದರು.

"ಇದನ್ನ ಯಾಕೆ ಇಟ್ಕೊಂಡ್ರಿ ತಾತ?" ಎಂದ ಕಂಡಕ್ಟರ್.

"ಕಾಗದ ಎಸೆಯೋದು ನನ್ನ ಕೈಲಾಗಲ್ಲಪ್ಪ. ನನ್ನ ಮದುವೆ ದಿನ ಚಪ್ಪಲಿ ಇಟ್ಟಿದ್ದಕ್ಕೆ ಕೊಟ್ಟ ಟೋಕನ್ನೂ ಇದೆ. ನಮ್ಮೋಳು ನನ್ನ ಇಲ್ಲಿಗೆ ಓಡಿಸಿದ್ದು ಸುಮ್ನೆ ಅಂದ್ಕೊಂಡ್ಯಾ?"

ಉಳಿದವರೆಲ್ಲ ಕಾಗದದ ಚೀಟಿ ಕಟ್ಟುತ್ತಿದ್ದರು. ವಾರ್ನಿಷ್ ತಾಕಿದ ಕೂಡಲೇ ಅಕ್ಷರ ಮಾಯ. ಲಾಂಡ್ರಿಯಮ್ಮ ಕಟ್ಟುತ್ತಿದ್ದುದು ಆಸ್ಪತ್ರೆಯ ಬಟ್ಟೆಗಂಟಿಗೆ ಹೊಲಿಯುವ ಬಟ್ಟೆಯ ಚೀಟಿ. ಪಾಳಿ ಮುಗಿಯುವಾಗ ಕೊನೆಯ ಗಂಟಿಗೆ ಹಾಕಿ ಮಿಕ್ಕಿದ ಒಂದು ಚೀಟಿಯನ್ನು ಜೇಬಿಗಿಟ್ಟುಕೊಂಡು ಬರುತ್ತಿದ್ದಳು. ಕುದಿಯುವ ನೀರಿನಲ್ಲಿ ನೂರು ಸಲ ಹಾಕಿದರೂ ಹೋಗದ ಶಾಯಿ. ಒಂದೊಂದರ ಮೇಲೂ ಅಂದಿನ ತಾರೀಖು, ಕೆಳಗೆ ೪-೪೦ ಎಂದು ಗಂಟೆಯ ಮುದ್ರೆ. ಅರವತ್ತೈದೂ ನಲವತ್ತಮೂರೂ ಸೇರಿ ನೂರ ಎಂಟು. ಒಂದು ದಿನವೂ ತಪ್ಪಿರಲಿಲ್ಲ.

ಐದೂವರೆಗೆ ಮೂವರೂ ಪ್ರಿನ್ಸಿಪಾಲರ ಕೋಣೆಗೆ ಹೋದರು. ಕಂಡಕ್ಟರ್ ಕಾಯಿಲಿನ ಹಾರವನ್ನು ಹೆಗಲಿಗೆ ಹಾಕಿಕೊಂಡಿದ್ದ. ತಾತ ಲಕೋಟೆ ಹಿಡಿದಿದ್ದರು. ಮೇಷ್ಟ್ರು ಹಾಜರಿ ಪುಸ್ತಕ ಹಿಡಿದಿದ್ದರು. ಲಾಂಡ್ರಿಯಮ್ಮ ಹೊರಗಿನ ಬೆಂಚಿನಲ್ಲಿ ಕೂತಳು. ಪ್ರಿನ್ಸಿಪಾಲರು ನಿಯಮದ ಮನುಷ್ಯ. ಬಾಗಿಲ ಮೇಲೆ ತಳ್ಳಿ ಎಂದು ಬರೆದಿದ್ದರೆ ಅದು ಎಳೆದು ತೆಗೆಯುವ ಬಾಗಿಲಾದರೂ ಸಂಜೆಯವರೆಗೆ ತಳ್ಳುವವರು. ಚೀಟಿ ಮುಟ್ಟಿದವರೇ ಕೈ ಹಿಂದಕ್ಕೆಳೆದುಕೊಂಡರು.

"ಇದು ರೋಗಿಗಳ ಬಟ್ಟೆದಲ್ವಾ?"

"ಕುದಿಸಿದ್ದು ಸ್ವಾಮಿ" ಎಂದರು ತಾತ. "ನಮ್ಮ ನಿಮ್ಮ ಕೈಗಿಂತ ಶುದ್ಧ."

ಪ್ರಿನ್ಸಿಪಾಲರು ಇಬ್ಬರನ್ನೂ ಹೊರಗೆ ಕಳಿಸಿ ಮೇಷ್ಟ್ರ ಕಡೆ ತಿರುಗಿದರು. "ಚೀಟಿಯೆಲ್ಲ ಸರಿ ಮೇಷ್ಟ್ರೇ. ಆದ್ರೆ ಹಾಜರಿ ಪುಸ್ತಕ ತಿದ್ದಂಗಿಲ್ಲ. ಪಾಠ ಮಾಡಿದವರು ತಪ್ಪು ನನ್ನದು ಅಂತ ಬರೆದುಕೊಟ್ರೆ ಮಾತ್ರ ಪಟ್ಟಿ ಬದಲಾಯಿಸ್ಬಹುದು. ಬರೆದುಕೊಟ್ರೆ ಅದು ನಿಮ್ಮ ಸೇವಾ ಪುಸ್ತಕಕ್ಕೆ ಹೋಗುತ್ತೆ. ಇಪ್ಪತ್ತೆರಡು ವರ್ಷ ಒಂದು ಕಲೆ ಇಲ್ಲ. ಇನ್ನು ಮೂರೇ ವರ್ಷ ನಿಮಗೆ. ಯೋಚ್ನೆ ಮಾಡಿ."

"ಮಾಡ್ದೆ ಸಾರ್."

"ಯಾವಾಗ?"

"ಮೆಟ್ಟಿಲು ಇಳಿಯೋವಾಗ."

"ಭಯ ಆಗಲ್ವಾ?"

"ಆಗ್ಬೇಕಿತ್ತು ಸಾರ್. ಆಗ್ತಾ ಇಲ್ಲ."

ಅದು ಧೈರ್ಯವಾಗಿರಲಿಲ್ಲ. ಸೂಜಿಯ ಜೋಮು ಇಳಿಯದ ದವಡೆಯವನು ಕಲ್ಲು ಕಚ್ಚಿದ ಹಾಗೆ, ಅಷ್ಟೇ. ಹದಿನಾಲ್ಕು ತಿಂಗಳಲ್ಲಿ ಆ ಜೋಮು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಮೇಷ್ಟ್ರು ಬಿಳಿ ಹಾಳೆ ತೆಗೆದುಕೊಂಡು ಬರೆದರು: "ನಂಬರ್ ಹನ್ನೊಂದು ಪ್ರತಿದಿನ ನಾಲ್ಕು ಐವತ್ತೈದಕ್ಕೆ ಬಂದಿದ್ದಾರೆ. ನಾನು ನಾಲ್ಕೂವರೆಗೆ ಗೈರು ಎಂದು ಬರೆದೆ. ಬಂದವರನ್ನು ನೋಡಿಯೂ ತಿದ್ದಲಿಲ್ಲ. ತಪ್ಪು ನನ್ನದು."

ಹೊರಗೆ ಗುಮಾಸ್ತ ತಾತ ಅದರ ಪ್ರತಿಯನ್ನು ಓದಿ ಬಹಳ ನೊಂದರು. "ಇಷ್ಟು ಗಿಡ್ಡದಾಗಿ ಯಾರಾದ್ರೂ ತಪ್ಪು ಒಪ್ಕೊಳ್ತಾರಾ ಮೇಷ್ಟ್ರೇ? ಒಂದು ಉಲ್ಲೇಖ ಇಲ್ಲ, ಒಂದು ವಿನಮ್ರ ಇಲ್ಲ. ನನಗೆ ಹೇಳಿದ್ರೆ ಮೂರು ಪುಟ ಮಾಡ್ಕೊಡ್ತಿದ್ದೆ."

ಐದು ಐವತ್ತಕ್ಕೆ ಬೋರ್ಡಿಗೆ ಹೊಸ ಪಟ್ಟಿ ಬಂತು. ಲಾಂಡ್ರಿಯಮ್ಮ ಅದನ್ನು ಎರಡು ಸಲ ಓದಿದಳು. "ಸರಿ ಮೇಷ್ಟ್ರೇ, ನಾಳೆ ಬರ್ತೀನಿ" ಎಂದಳು. ಸ್ವಲ್ಪ ದೂರ ಹೋದವಳು ನಿಂತು, ತಿರುಗಿ, "ನೀವು ನನ್ನ ದಿನಾ ನೋಡ್ತಿದ್ರಲ್ಲ ಮೇಷ್ಟ್ರೇ" ಎಂದಳು. ಆರೋಪದ ಹಾಗೂ ಇರಲಿಲ್ಲ, ಪ್ರಶ್ನೆಯ ಹಾಗೂ ಇರಲಿಲ್ಲ. ಅವಳು ಹೊರಟುಹೋದಳು.

ಪರೀಕ್ಷೆ ಬೆಳಿಗ್ಗೆ ಹತ್ತರಿಂದ ಮೂರರವರೆಗೆ. ಒಬ್ಬೊಬ್ಬರಿಗೂ ಸುಟ್ಟ ಟೇಬಲ್ ಫ್ಯಾನು ಒಂದೊಂದು. ಬಿಚ್ಚಬೇಕು, ಎಂಟು ಕಾಯಿಲು ಸುತ್ತಬೇಕು, ಕೂರಿಸಬೇಕು, ಜೋಡಿಸಬೇಕು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಓಡಿಸಬೇಕು. ಪಾಠ ಮಾಡಿದವರಿಗೆ ಒಳಗೆ ಪ್ರವೇಶವಿಲ್ಲ. ಮೇಷ್ಟ್ರು ಹೊರಗಿನ ಪಡಸಾಲೆಯಲ್ಲಿ, ಗಾಜಿನ ಕಿಟಕಿಯ ಈಚೆ ನಿಂತರು. ತಮ್ಮ ತಗ್ಗಿನಲ್ಲಿ ಬೇರೊಬ್ಬರು ನಿಂತಿರುವುದನ್ನು ನೋಡಿದರು. ಪರೀಕ್ಷಕರಿಗೆ ಪಾದ ದೊಡ್ಡದು, ತಗ್ಗಿನಲ್ಲಿ ಕೂರಲಿಲ್ಲ.

ಲಾಂಡ್ರಿಯಮ್ಮ ಮೊದಲು ಬರೆದುಕೊಂಡಳು. ಆಮೇಲೆ ಕತ್ತರಿ ಎತ್ತಿದಳು. ಸುತ್ತುವ ಯಂತ್ರದ ಹಿಡಿಯನ್ನು ತಿರುಗಿಸತೊಡಗಿದಳು. ತುಟಿ ಅಲ್ಲಾಡುತ್ತಿತ್ತು. ಮೇಷ್ಟ್ರು ನೋಡುತ್ತ ನಿಂತರು. ಬಹಳ ಹೊತ್ತಾದ ಮೇಲೆ ಅವರಿಗೆ ತಿಳಿಯಿತು, ತಾವೂ ಎಣಿಸುತ್ತಿದ್ದೇವೆ ಎಂದು; ಅದೂ ಡಜನ್ನಿನಲ್ಲಿ.

ಎರಡೂಮುಕ್ಕಾಲಿಗೆ ಅವಳ ಫ್ಯಾನು ತಿರುಗಿತು. ಸದ್ದಿಲ್ಲ, ನಡುಕವಿಲ್ಲ, ಬಿಸಿಯಿಲ್ಲ. ಪರೀಕ್ಷಕರು ತಲೆದೂಗಿ ಕಾಗದದ ಕಡೆ ಬಗ್ಗಿದರು. ಕಿಟಕಿಯ ಈಚೆ ಮೇಷ್ಟ್ರಿಗೆ ಮಾತ್ರ ಗೊತ್ತಾಯಿತು. ಫ್ಯಾನು ಹಿಂದುಮುಂದಾಗಿ ತಿರುಗುತ್ತಿದೆ. ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿ ಅದಲುಬದಲಾದರೆ ಹೀಗಾಗುತ್ತದೆ. ಉಳಿದದ್ದೆಲ್ಲ ಸರಿ, ಗಾಳಿ ಮಾತ್ರ ಮುಂದಕ್ಕೆ ಬರದೆ ಹಿಂದಕ್ಕೆ ಹೋಗುತ್ತದೆ. ಪರೀಕ್ಷಕರು ತಲೆ ಎತ್ತಿ ಕೈ ಒಡ್ಡಿ ನೋಡಿದರೆ ಫೇಲು. ಗಾಜು ತಟ್ಟಬಹುದಿತ್ತು. ತಟ್ಟಿದರೆ ಅವಳನ್ನು ಎಬ್ಬಿಸಿ ಕಳಿಸುತ್ತಾರೆ. ಮೇಷ್ಟ್ರು ಎರಡು ಕೈಯನ್ನೂ ಜೇಬಿಗೆ ಹಾಕಿಕೊಂಡರು. ಜೇಬಿನಲ್ಲಿ ಬೆರಳುಗಳು ಬಿಗಿಯಾಗಿ ಮುಷ್ಟಿ ಹಿಡಿದಿದ್ದವು. ಯಾವಾಗಿನಿಂದ ಹಿಡಿದಿದ್ದವೋ.

ಲಾಂಡ್ರಿಯಮ್ಮ ಹಣೆ ಒರೆಸಿಕೊಳ್ಳಲು ಸೆರಗು ಎತ್ತಿದಳು. ಸೆರಗಿನ ತುದಿ ಫ್ಯಾನಿನ ಮುಂದೆ ಬಂದು ಹಾರಬೇಕಾದದ್ದು ಹಾರಲಿಲ್ಲ. ಮೆಲ್ಲಗೆ ಒಳಕ್ಕೆ, ಜಾಲರಿಯ ಕಡೆಗೆ ಎಳೆಯಿತು. ಬಟ್ಟೆ ಗಾಳಿಯಲ್ಲಿ ಯಾವ ಕಡೆ ಹೋಗಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಸೆರಗನ್ನು ಒಮ್ಮೆ ನೋಡಿದಳು. ಪ್ಲಗ್ ಕಿತ್ತಳು. ಎರಡು ತುದಿ ಬಿಚ್ಚಿ, ತಿರುಗಿಸಿ, ಸೇರಿಸಿ, ಸುತ್ತಿ, ಮತ್ತೆ ಪ್ಲಗ್ ಹಾಕಿದಳು. ಎರಡು ಐವತ್ತೆಂಟು. ಈ ಸಲ ಪರೀಕ್ಷಕರ ಮುಂದಿನ ಕಾಗದಗಳೆಲ್ಲ ಎದ್ದು ಕೋಣೆಯ ತುಂಬ ಹಾರಿದವು. ಅವುಗಳಲ್ಲಿ ಒಂದು ಮೇಷ್ಟ್ರ ಕಿಟಕಿಗೆ ಬಂದು ಅಂಟಿಕೊಂಡಿತು ಎಂದು ಕಂಡಕ್ಟರ್ ಈಗಲೂ ಹೇಳುತ್ತಾನೆ.

ಅವಳು ಪಾಸಾದಳು. ಕಂಡಕ್ಟರನೂ ಪಾಸಾದ. ಗುಮಾಸ್ತ ತಾತ ನಾಲ್ಕನೆಯ ಕಾಯಿಲಿನಲ್ಲೇ ಇದ್ದಾಗ ಮೂರು ಗಂಟೆ ಹೊಡೆಯಿತು. ಮುಂದಿನ ಬ್ಯಾಚಿಗೂ ಅವರ ಹೆಂಡತಿ ಸಂತೋಷದಿಂದ ಅರ್ಜಿ ತುಂಬಿದರು. ಲಾಂಡ್ರಿಯಮ್ಮ ಸರ್ಟಿಫಿಕೇಟು ತೆಗೆದುಕೊಳ್ಳಲು ಬಂದವಳು ಅದನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡಳು. "ಸೋಮವಾರದಿಂದ ಮೇಂಟೆನೆನ್ಸು ಮೇಷ್ಟ್ರೇ. ಮೂರನೇ ಮಹಡಿ ಫ್ಯಾನೆಲ್ಲ ನಂದೇ. ಎಷ್ಟಿದೆ ಗೊತ್ತಾ? ಏ‌ಳು ಡಜನ್." ಮೇಷ್ಟ್ರು "ಬಿಚ್ಚೋ ಮುಂಚೆ ಬರ್ಕೊಳ್ಳಿ" ಎಂದರು. "ನೀವೂ" ಎಂದು ಹೇಳಿ ಹೋದಳು.

ಸೇವಾ ಪುಸ್ತಕದಲ್ಲಿ ಒಂದು ಸಾಲು ಸೇರಿತು. ಮೇಷ್ಟ್ರು ಅದರ ಕೆಳಗೆ, ಓದಿದ್ದೇನೆ ಎಂದು ಸಹಿ ಹಾಕಿದರು. ಬರುವಾಗ ಮೇಜಿನ ಖಾನೆಯಿಂದ ಮೊಂಡು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು ಬಂದರು. ಹೊಸ ಬ್ಯಾಚು ಸೋಮವಾರ ಶುರು.

ಭಾನುವಾರ ಹತ್ತಕ್ಕೆ ಅಕ್ಕ ಬಂದಾಗ ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಅಡುಗೆಮನೆಯ ನೆಲದ ಮೇಲೆ ಹಳೆಯ ಪೇಪರು ಹಾಸಿಕೊಂಡು ಕೂತು, ತರಕಾರಿಯ ಚಾಕುವಿನಿಂದ ಪೆನ್ಸಿಲು ಚೂಪು ಮಾಡುತ್ತಿದ್ದರು. ಬಾರದ ಕೆಲಸ. ಮೊನೆ ಬಂದ ಹಾಗೆ ಬಂದು ಪಟ್ಟೆಂದು ಮುರಿಯುತ್ತಿತ್ತು. ಹದಿನಾಲ್ಕು ತಿಂಗಳು ಉಳಿದಿದ್ದ ಪೆನ್ಸಿಲು ಅರ್ಧ ಗಂಟೆಯಲ್ಲಿ ಹೆಬ್ಬೆರಳಿನಷ್ಟಾಗಿತ್ತು.

ಅಕ್ಕ ಎದುರಿಗೆ ಕೂತು, ಕನ್ನಡಕ ಸರಿಮಾಡಿಕೊಂಡು, ತಮ್ಮನ ಕಣ್ಣನ್ನು ಬಗ್ಗಿ ನೋಡಿದರು.

"ಅಳು ಬಂತೇನೋ?"

ಮೇಷ್ಟ್ರು ಪೆನ್ಸಿಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇನ್ನೂ ಇಲ್ಲ ಅಕ್ಕ" ಎಂದರು. "ಶಾಯಿಯಲ್ಲಿ ಬರ್ಕೋಬೇಡ."

ಅಕ್ಕನಿಗೆ ಅರ್ಥವಾಗಲಿಲ್ಲ. ಪೇಪರಿನ ಮೇಲಿನ ಹೊಟ್ಟನ್ನು ಕೈಯಲ್ಲಿ ಒಟ್ಟುಗೂಡಿಸುತ್ತ, "ಚಾಕು ಹಿಂಗೆ ಹಿಡೀಬಾರ್ದು, ಕೊಡೋ ಇಲ್ಲಿ" ಎಂದರು. ಮೇಷ್ಟ್ರು ಕೊಡಲಿಲ್ಲ.